ನೈಲಾನು, ರೇಡಿಯಲ್ಲು ಮತ್ತು ಒಂದು ಲೆಕ್ಕದ ಪುಸ್ತಕ

ಮಲೆನಾಡಿನ ಕಾರುಳ್ಳ ಮನೆಗಳಲ್ಲಿ 1980ರ ದಶಕದ ಉದ್ದಕ್ಕೂ ಮತ್ತೆ ಮತ್ತೆ ಚರ್ಚೆಗೆ ಬಂದ ಸಂಗತಿಗಳಲ್ಲಿ ನೈಲಾನ್ ಟೈರು ಮತ್ತು ರೇಡಿಯಲ್ ಟೈರುಗಳ ನಡುವಣ ಆಯ್ಕೆಯೂ ಒಂದಾಗಿತ್ತು. ಹೊರನೋಟಕ್ಕೆ ಎರಡೂ ಕಪ್ಪು ರಬ್ಬರಿನ ಬಳೆಗಳೇ. ಎರಡಕ್ಕೂ ಒಳಗೆ ಟ್ಯೂಬು ಬೇಕಿತ್ತು, ಎರಡೂ ಅದೇ ರಿಮ್ಮಿಗೆ ಕೂರುತ್ತಿದ್ದವು. ಆದರೆ ಬೆಲೆಯಲ್ಲಿ ಎದ್ದು ಕಾಣುವ ಅಂತರವಿತ್ತು, ಮತ್ತು ಹೆಚ್ಚು ಕೊಟ್ಟ ಹಣ ಯಾವ ರೂಪದಲ್ಲಿ, ಎಷ್ಟು ವರ್ಷಗಳ ನಂತರ ಮರಳುವುದೆಂದು ಖಚಿತವಾಗಿ ಹೇಳಬಲ್ಲವರು ವಿರಳವಾಗಿದ್ದರು. ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಕಾಫಿ ತೋಟದ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ನಡೆದ ಪ್ರಯತ್ನವು ಲೆಕ್ಕದ ಪುಸ್ತಕವೊಂದರಲ್ಲಿ ದಾಖಲಾಗಿದ್ದು, ಆ ಪುಸ್ತಕದ ಪುಟಗಳನ್ನೂ ಅದೇ ಮನೆಯಲ್ಲಿ ಬೆಳೆದ ಲೇಖಕನ ನೆನಪನ್ನೂ ಎದುರುಬದುರು ಇಟ್ಟು ನೋಡುವುದು ಇಲ್ಲಿನ ಉದ್ದೇಶ. ಎರಡೂ ಎಲ್ಲ ಕಡೆ ತಾಳೆಯಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು.

ನೈಲಾನ್ ಟೈರು ಎಂಬುದು ಅಂಗಡಿಯ ಮಾತು. ತಯಾರಿಕೆಯ ಪರಿಭಾಷೆಯಲ್ಲಿ ಅದು ಕ್ರಾಸ್‌ಪ್ಲೈ ಟೈರು. ಟೈರಿನ ಒಳಗೆ ರಬ್ಬರಿಗೆ ಬಲ ಕೊಡುವ ಎಳೆಗಳ ಪದರಗಳಿರುತ್ತವೆ, ಅವಕ್ಕೆ ಪ್ಲೈ ಎಂದು ಹೆಸರು. ಕ್ರಾಸ್‌ಪ್ಲೈ ಟೈರಿನಲ್ಲಿ ಈ ಎಳೆಗಳು ಟೈರಿನ ಸುತ್ತಳತೆಗೆ ಓರೆಯಾಗಿ ಹಾದು, ಒಂದು ಪದರ ಎಡಕ್ಕೆ ವಾಲಿದರೆ ಅದರ ಮೇಲಿನದು ಬಲಕ್ಕೆ ವಾಲಿ, ಚಾಪೆಯ ಹೆಣಿಗೆಯನ್ನು ನೆನಪಿಸುವಂತೆ ಒಂದನ್ನೊಂದು ಕತ್ತರಿಸುತ್ತವೆ. ಈ ರಚನೆಯಲ್ಲಿ ಪಕ್ಕದ ಗೋಡೆಯೂ ನೆಲಕ್ಕೆ ತಾಗುವ ಮೇಲ್ಮೈಯೂ ಒಂದೇ ಶರೀರವಾಗಿರುವುದರಿಂದ ಗೋಡೆ ಬಾಗಿದಾಗಲೆಲ್ಲ ಮೇಲ್ಮೈಯೂ ಹಿಸುಕಿಕೊಳ್ಳುತ್ತದೆ, ಪದರಗಳು ಪರಸ್ಪರ ಉಜ್ಜಿ ಬಿಸಿ ಹುಟ್ಟುತ್ತದೆ, ಮತ್ತು ನಮ್ಮ ಮೆಕ್ಯಾನಿಕ್‌ಗಳು ‘ಬಟನ್’ ಎಂದು ಕರೆಯುವ ಮೇಲ್ಮೈಯ ಗಟ್ಟುಗಳು ಉರುಳುವ ಪ್ರತಿ ಸುತ್ತಿನಲ್ಲೂ ನೆಲವನ್ನು ಸ್ವಲ್ಪ ತೇಯುತ್ತ ತಾವೂ ತೇಯುತ್ತವೆ. ಇದಕ್ಕೆ ಪ್ರತಿಯಾಗಿ ದೊರೆಯುವುದು ದಪ್ಪನೆಯ, ಕಲ್ಲಿಗೂ ಬೇರಿಗೂ ಜಗ್ಗದ ಗೋಡೆ.

ರೇಡಿಯಲ್ ಟೈರಿನಲ್ಲಿ ಎಳೆಗಳು ಓರೆಯಾಗಿ ಹೋಗದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ, ಚಕ್ರದ ಅರೆಕಾಲುಗಳ ದಿಕ್ಕಿನಲ್ಲಿ ಸಾಗುತ್ತವೆ, ಮತ್ತು ಬಟನ್ನಿನ ಅಡಿಯಲ್ಲಿ ಮಾತ್ರ ಉಕ್ಕಿನ ತಂತಿಯ ಅಥವಾ ಗಟ್ಟಿ ನೂಲಿನ ಪಟ್ಟಿಯೊಂದು ಸುತ್ತ ಬಿಗಿದಿರುತ್ತದೆ. ಗೋಡೆ ಬಾಗುವ ಕೆಲಸ ಗೋಡೆಗೆ, ನೆಲ ಹಿಡಿಯುವ ಕೆಲಸ ಪಟ್ಟಿಗೆ ಎಂಬ ಈ ಶ್ರಮವಿಭಜನೆಯೇ ರೇಡಿಯಲ್‌ನ ಎಲ್ಲ ಗುಣಗಳ ಮೂಲ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದರ ಪೇಟೆಂಟು ಪಡೆದು 1949ರಲ್ಲಿ ‘ಎಕ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು; ಆದರೂ ಹೊಸ ಟೈರಿಗೆ ತಕ್ಕಂತೆ ಕಾರಿನ ಸಸ್ಪೆನ್ಷನ್ ಬದಲಿಸಬೇಕಾಗುತ್ತದೆಂಬ ಹಾಗೂ ಕಾರ್ಖಾನೆಯ ಯಂತ್ರಗಳನ್ನೇ ಹೊಸದಾಗಿ ಕೂರಿಸಬೇಕಾಗುತ್ತದೆಂಬ ಕಾರಣಗಳಿಂದ ಅಮೆರಿಕ ಅದನ್ನು 1970ರ ದಶಕದವರೆಗೂ ಮನಸ್ಸಿಟ್ಟು ಒಪ್ಪಿಕೊಳ್ಳಲಿಲ್ಲ. ಭಾರತದಲ್ಲಿ ಜೆಕೆ ಟೈರ್ 1977ರಲ್ಲಿ ರೇಡಿಯಲ್ ತಯಾರಿಕೆ ಆರಂಭಿಸಿತು. ಇದೇ ಕಂಪನಿ 1997ರಲ್ಲಿ ಮೈಸೂರಿನ ವಿಕ್ರಾಂತ್ ಟೈರ್ಸ್ ಅನ್ನು ವಶಕ್ಕೆ ತೆಗೆದುಕೊಂಡಿತಾದರೂ ಕೆ.ಆರ್.ಎಸ್. ರಸ್ತೆಯ ಆ ಕಾರ್ಖಾನೆಯನ್ನು ಮೈಸೂರಿನ ಹಳಬರು ಇಂದಿಗೂ ವಿಕ್ರಾಂತ್ ಎಂದೇ ಕರೆಯುವುದುಂಟು.

ತೋಟದ ಮನೆಯಲ್ಲಿದ್ದದ್ದು ಪ್ರೀಮಿಯರ್ ಪದ್ಮಿನಿ. ಅದರ ಟೈರಿನ ಅಳತೆ 5.20-14, ಅಂದರೆ ಅಗಲ 5.20 ಅಂಗುಲ, ಕೂರುವ ರಿಮ್ಮಿನ ವ್ಯಾಸ 14 ಅಂಗುಲ. ಲೇಖಕನ ತಂದೆಯವರು 1985ರಲ್ಲಿ ನಾಲ್ಕೂ ಟೈರುಗಳನ್ನು ಬದಲಿಸಬೇಕಾಗಿ ಬಂದಾಗ ನಾಲ್ಕನ್ನೂ ರೇಡಿಯಲ್ ಮಾಡಿಸುವ ಮನಸ್ಸಿದ್ದರೂ ಎರಡನ್ನಷ್ಟೇ ಕೊಂಡರು. ಇದಕ್ಕೆ ಕಾರಣ ಟೈರಿನಲ್ಲಿರದೆ ಕಾಫಿಯಲ್ಲಿತ್ತು. ಅಂದಿನ ಪದ್ಧತಿಯಂತೆ ಬೆಳೆಗಾರರು ತಮ್ಮ ಫಸಲನ್ನೆಲ್ಲ ಕಾಫಿ ಮಂಡಳಿಯ ಸಂಗ್ರಹಕ್ಕೆ, ಅಂದರೆ ಪೂಲಿಗೆ, ಒಪ್ಪಿಸಬೇಕಾಗಿತ್ತು, ಮತ್ತು ಅದರ ಹಣ ಒಂದೇ ಸಲಕ್ಕೆ ಬಾರದೆ ಕಂತುಕಂತಾಗಿ ಬರುತ್ತಿತ್ತು. ಕೈಗೆ ಬಂದ ಕಂತು ಎರಡು ರೇಡಿಯಲ್‌ಗೂ ಎರಡು ನೈಲಾನಿಗೂ ಸಾಕಾಯಿತು. ಹೀಗೆ ಯಾರೂ ಉದ್ದೇಶಿಸದಿದ್ದ ಒಂದು ಹೋಲಿಕೆ ಪ್ರಯೋಗ ಮಂಡಳಿಯ ಪಾವತಿ ಕ್ರಮದ ದೆಸೆಯಿಂದ ಆರಂಭವಾಯಿತು.

ಎರಡು ಬಗೆಯ ಟೈರುಗಳನ್ನು ಒಂದೇ ಅಚ್ಚಿನ ಎರಡು ತುದಿಗೆ ಹಾಕಬಾರದು, ಬೆರೆಸಲೇಬೇಕಾದರೆ ರೇಡಿಯಲ್‌ಗಳು ಹಿಂದಿನ ಅಚ್ಚಿನಲ್ಲೇ ಇರಬೇಕು ಎಂಬ ನಿಯಮವನ್ನು ಹಾಸನದ ಟೈರ್ ಅಂಗಡಿಯವರು ತಿಳಿದಿದ್ದರು, ಕಾರಣ ಮಾತ್ರ ಹೇಳಲಿಲ್ಲ. ಕಾರಣ ಹೀಗಿದೆ: ತಿರುವಿನಲ್ಲಿ ಟೈರು ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನ ಏರ್ಪಡುತ್ತದೆ, ಇದನ್ನು ಜಾರುಕೋನ ಎನ್ನಬಹುದು, ಅಷ್ಟೇ ಬಲ ಒದಗಿಸಲು ರೇಡಿಯಲ್‌ಗೆ ಬೇಕಾಗುವ ಜಾರುಕೋನ ಕ್ರಾಸ್‌ಪ್ಲೈಗಿಂತ ಕಡಿಮೆ. ಹಿಡಿತ ಬಲವಾದ ಟೈರು ಮುಂದಿದ್ದು ದುರ್ಬಲವಾದದ್ದು ಹಿಂದಿದ್ದರೆ ಕಾರಿನ ಮೂತಿ ತಿರುವಿಗೆ ಹೊರಳುತ್ತದೆ, ಬಾಲ ಹೊರಗೆ ಚಿಮ್ಮುತ್ತದೆ. ಮೂತಿ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಸುಧಾರಿಸಿಕೊಳ್ಳಲು ಸಾಮಾನ್ಯ ಚಾಲಕನಿಗೂ ಅವಕಾಶವಿದೆ. ಬಾಲ ಜಾರಿದರೆ ಪಳಗಿದ ಕೈಯೇ ಬೇಕು.

ಹೊಸ ರೇಡಿಯಲ್‌ಗಳ ಬಗ್ಗೆ ಮನೆಯವರಿಗೆ ಮೊದಲು ಮೂಡಿದ್ದು ಅನುಮಾನ. ಬಾಗುವ ಗೋಡೆಯುಳ್ಳ ಆ ಟೈರು ಸರಿಯಾದ ಒತ್ತಡದಲ್ಲೂ ನೆಲದ ಬಳಿ ಉಬ್ಬಿಕೊಂಡು, ಅರ್ಧ ಗಾಳಿ ಹೋದಂತೆ ಕಾಣುತ್ತಿತ್ತು. ‘ಹಿಂದೆ ಗಾಳಿ ಕಮ್ಮಿ ಆಗಿದೆ ಗೌಡ್ರೆ’ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಎಚ್ಚರಿಸುವುದು, ಪೆಟ್ರೋಲ್ ಬಂಕಿನಲ್ಲಿ ಕೇಳದಿದ್ದರೂ ನಾಲ್ಕು ಪೌಂಡು ಹೆಚ್ಚಿಗೆ ಹೊಡೆಯುವುದು ವಾಡಿಕೆಯಾಯಿತು. ಲೆಕ್ಕದ ಪುಸ್ತಕದಲ್ಲಿ ಎರಡನೆಯ ವರ್ಷದ ಎದುರು ‘ನಡು ಸವೆತ’ ಎಂಬ ಎರಡೇ ಪದಗಳ ಟಿಪ್ಪಣಿಯೊಂದಿದೆ. ಅಧಿಕ ಗಾಳಿಯಿಂದ ಟೈರಿನ ನಡುಭಾಗ ಮಾತ್ರ ನೆಲಕ್ಕೆ ಒತ್ತಿ ಅಲ್ಲಿನ ಬಟನ್ ಬೇಗ ತೇಯುತ್ತದೆ ಎಂಬ ಅರಿವಿನೊಂದಿಗೆ ಓದಿದರೆ, ಹಿತೈಷಿಗಳ ಕಾಳಜಿಗೆ ಆ ಮನೆ ತೆತ್ತ ಬೆಲೆ ಅದೆಂದು ತಿಳಿಯುತ್ತದೆ.

ನೈಲಾನಿಗೂ ಅದರದೇ ಒಂದು ಚಾಳಿಯಿತ್ತು. ಓಡಿ ಬಿಸಿಯಾದ ನೈಲಾನ್ ಎಳೆಗಳು ನಿಂತಲ್ಲೇ ತಣಿಯುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿಯೇ ಸೆಟೆದುಕೊಳ್ಳುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಕಾರು ಶೆಡ್ಡಿನಿಂದ ಹೊರಟರೆ ಮೊದಲ ಒಂದೆರಡು ಕಿಲೋಮೀಟರ್ ಮುಂಭಾಗದಿಂದ ದಡ್ ದಡ್ ಎಂಬ ಸದ್ದು ಬರುತ್ತಿದ್ದು, ಎಳೆಗಳು ಮತ್ತೆ ಕಾವೇರಿ ಗುಂಡಗಾದ ಮೇಲೆ ಅದು ತಾನಾಗಿ ಅಡಗುತ್ತಿತ್ತು. ಹಿಂದಿನ ಚಕ್ರಗಳಿಂದ ಆ ಸದ್ದಿರಲಿಲ್ಲ. ಎರಡು ಟೈರುಗಳ ವ್ಯತ್ಯಾಸವನ್ನು ಮನೆಯ ಮಕ್ಕಳು ಮೊದಲು ಗುರುತಿಸಿದ್ದು ಕಿವಿಯಿಂದ.

ಪುಸ್ತಕದಲ್ಲಿ ಟೈರಿಗಾಗಿ ಮೀಸಲಾಗಿದ್ದ ಪುಟಗಳಿಗೆ ಐದು ಅಂಕಣಗಳಿದ್ದವು: ಕೊಂಡ ದಿನ, ಬೆಲೆ, ಹಾಕಿಸಿದಾಗಿನ ಮೀಟರ್ ಓದು, ಬಿಚ್ಚಿದಾಗಿನ ಓದು, ಪಂಕ್ಚರು. ಆರನೆಯದೊಂದು ಅಂಕಣಕ್ಕೆ ಗೀಟೆಳೆದು ತಲೆಬರಹ ಬರೆಯದೆ ಬಿಡಲಾಗಿತ್ತು. ತಂದೆಯವರ ತೀರ್ಮಾನ ಸರಳವಾಗಿತ್ತು. ಮುಂದಿನ ನೈಲಾನ್ ಜೋಡಿ 1988ರಲ್ಲಿ ಸವೆದುಹೋಯಿತು, ಅದರ ಜಾಗಕ್ಕೆ ಬಂದ ಎರಡನೆಯ ಜೋಡಿ 1991ರ ಬೇಸಿಗೆಯ ಹೊತ್ತಿಗೆ ಮುಗಿಯಿತು, ಹಿಂದಿನ ರೇಡಿಯಲ್‌ಗಳು ಆಗಲೂ ಓಡುತ್ತಿದ್ದವು. ಆದ್ದರಿಂದ ರೇಡಿಯಲ್‌ನ ಬಾಳಿಕೆ ನೈಲಾನಿನ ಎರಡರಷ್ಟಕ್ಕೂ ಹೆಚ್ಚು, ಬೆಲೆಯ ಅಂತರ ಅಷ್ಟಿಲ್ಲ, ರೇಡಿಯಲ್ಲೇ ಲಾಭ.

ಇಷ್ಟು ವರ್ಷಗಳ ನಂತರ ಈ ಲೆಕ್ಕವನ್ನು ಒರೆಗೆ ಹಚ್ಚಿದರೆ ಅದರ ಬಿರುಕುಗಳು ಕಾಣುತ್ತವೆ. ಪದ್ಮಿನಿಯಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತದೆ, ತಿರುಗಿಸುವ ಮತ್ತು ಬ್ರೇಕಿನ ಹೆಚ್ಚಿನ ಪಾಲು ಹೊರುವ ಕೆಲಸ ಮುಂದಿನ ಚಕ್ರಗಳದ್ದು. ತೋಟದ ಕಲ್ಲುದಾರಿಯಲ್ಲಿ ಮುಂದಿನ ಚಕ್ರಗಳ ಅಲೈನ್‌ಮೆಂಟ್, ಅಂದರೆ ಅವೆರಡೂ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುವ ಜೋಡಣೆ, ಪದೇ ಪದೇ ತಪ್ಪುತ್ತಿತ್ತು, ಹಾಗೆ ತಪ್ಪಿದ ಚಕ್ರ ಉರುಳುವುದಕ್ಕಿಂತ ಹೆಚ್ಚಾಗಿ ಒರೆಸಿಕೊಂಡೇ ಹೋಗುತ್ತದೆ. ಸವೆತವನ್ನು ಸಮನಾಗಿ ಹಂಚಲು ಟೈರುಗಳನ್ನು ಹಿಂದೆಮುಂದೆ ಬದಲಿಸುವ ರೂಢಿಯುಂಟು. ಬೆರಕೆ ಜೋಡಿಯಲ್ಲಿ ಅದಕ್ಕೂ ಅವಕಾಶವಿರಲಿಲ್ಲ. ಹೀಗಾಗಿ ಪುಸ್ತಕ ಹೋಲಿಸಿದ್ದು ನೈಲಾನನ್ನೂ ರೇಡಿಯಲ್ಲನ್ನೂ ಅಲ್ಲ, ಮುಂದಿನ ಅಚ್ಚಿನ ನೈಲಾನನ್ನು ಹಿಂದಿನ ಅಚ್ಚಿನ ರೇಡಿಯಲ್‌ನೊಂದಿಗೆ. ತೀರ್ಮಾನದ ದಿಕ್ಕು ಸರಿಯಾಗಿಯೇ ಇತ್ತು, ಏಕೆಂದರೆ ರೇಡಿಯಲ್ ಹೆಚ್ಚು ಬಾಳುವುದು ಲೋಕಸಿದ್ಧ. ಎರಡರಷ್ಟು ಎಂಬ ಪ್ರಮಾಣವನ್ನು ಮಾತ್ರ ನಂಬುವಂತಿಲ್ಲ.

ಪಂಕ್ಚರಿನ ಅಂಕಣ ಇನ್ನೂ ಜಟಿಲ. ಎತ್ತಿನ ಲಾಳದ ಮೊಳೆ ಎರಡು ಬಗೆಯ ಟೈರಿಗೂ ಭೇದವಿಲ್ಲದೆ ಚುಚ್ಚಿದೆ. ಆದರೆ 1987ರಲ್ಲಿ ತೋಟದ ಗೇಟಿನ ಬಳಿ ಚೂಪುಗಲ್ಲೊಂದು ಒಂದು ರೇಡಿಯಲ್‌ನ ಪಕ್ಕದ ಗೋಡೆಯನ್ನು ಸೀಳಿದಾಗ, ಒಂದೇ ಪದರದ ತೆಳುಗೋಡೆಗೆ ತೇಪೆ ನಿಲ್ಲದೆ, ಹೊಸದೇ ಒಂದನ್ನು ಕೊಳ್ಳಬೇಕಾಯಿತು. ನೈಲಾನಿಗೆ ಅಂಥ ಗತಿ ಬರಲಿಲ್ಲ. ಈ ಖರ್ಚನ್ನು ತಂದೆಯವರು ರೇಡಿಯಲ್‌ನ ಲೆಕ್ಕಕ್ಕೆ ಸೇರಿಸದೆ ‘ಆಕಸ್ಮಿಕ’ ಎಂಬ ಬೇರೆ ಪುಟದಲ್ಲಿ ಬರೆದಿದ್ದಾರೆ. ಒಮ್ಮೆ ಒಂದು ಪಕ್ಷ ಹಿಡಿದ ಮೇಲೆ ಲೆಕ್ಕಿಗನ ಕೈಯೂ ಸ್ವಲ್ಪ ವಾಲುತ್ತದೆ. ಆ ಕೊರತೆಯನ್ನು ಸೇರಿಸಿ ನೋಡಿದರೆ, ಡಾಂಬರು ರಸ್ತೆಯ ಮನೆಗೆ ರೇಡಿಯಲ್, ಕಲ್ಲುದಾರಿಯ ಮನೆಗೆ ನೈಲಾನ್ ಎಂಬ ಅಂದಿನ ಜೀಪು ಚಾಲಕರ ಅಭಿಪ್ರಾಯ, ಅವರನ್ನು ಹಳೆಯ ಕಾಲದವರೆಂದು ನಕ್ಕವರು ಭಾವಿಸಿದ್ದಷ್ಟು ಹುರುಳಿಲ್ಲದ್ದಾಗಿರಲಿಲ್ಲ.

ಪುಸ್ತಕದಲ್ಲಿ ಎಲ್ಲೂ ಇಲ್ಲದ, ನೆನಪಿನಲ್ಲಿ ಮಾತ್ರ ಉಳಿದ ಪ್ರಸಂಗ ನಡೆದದ್ದು 1991ರ ಜುಲೈ ತಿಂಗಳಲ್ಲಿ, ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ದಾಟಿ ಗುಂಡ್ಯದ ಕಡೆಗೆ ಇಳಿಯುವಾಗ. ಮುಂದೆ ಮೂರು ತಿಂಗಳ ಹಿಂದಷ್ಟೇ ಹಾಕಿಸಿದ ಹೊಚ್ಚಹೊಸ ನೈಲಾನ್‌ಗಳಿದ್ದವು, ಹಿಂದೆ ಆರು ವರ್ಷ ಓಡಿದ ರೇಡಿಯಲ್ ಮತ್ತು ಅದರ ನಾಲ್ಕು ವರ್ಷದ ಜೊತೆಗಾರ. ಮಳೆ ಹಿಡಿದು ಮೂರು ದಿನವಾಗಿತ್ತು. ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ಮೀರದ ವೇಗದಲ್ಲಿದ್ದ ಕಾರಿನ ಮೂತಿ ವಿಧೇಯವಾಗಿ ತಿರುಗಿತು, ಬಾಲ ತಿರುಗಲಿಲ್ಲ. ಕಾರು ಅರ್ಧ ಸುತ್ತು ಹಾಕಿ ಗುಡ್ಡದ ಕಡೆಯ ಚರಂಡಿಗೆ ಹಿಂದಿನ ಚಕ್ರ ಇಳಿಸಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಎದುರಿನಿಂದ ಆ ಕ್ಷಣ ಲಾರಿ ಬರಲಿಲ್ಲ. ಚರಂಡಿಯಿಂದ ಕಾರನ್ನೆತ್ತಲು ನೆರವಾದ ಲಾರಿಯವರು ಹಿಂದಿನ ಟೈರಿನ ಮೇಲೆ ಬೆರಳಾಡಿಸಿ, ಬಟನ್ ಇನ್ನೂ ಇದೆಯಲ್ಲ ಎಂದು ಆಶ್ಚರ್ಯಪಟ್ಟರು. ಬಟನ್ ಇದ್ದದ್ದು ನಿಜ.

ಇದನ್ನು ವಿವರಿಸಲು ಸಾಮಾನ್ಯವಾಗಿ ಮುಂದಿಡುವ ಕಾರಣ ಅಕ್ವಾಪ್ಲೇನಿಂಗ್, ಅಂದರೆ ಟೈರಿನ ಮುಂದೆ ಸೇರಿದ ನೀರನ್ನು ಬಟನ್ನಿನ ಕಾಲುವೆಗಳು ಹೊರಹಾಕಲಾಗದೆ ಟೈರೇ ನೀರಿನ ಪದರದ ಮೇಲೆ ತೇಲುವ ಸ್ಥಿತಿ. ವಿಮಾನದ ಚಕ್ರಗಳನ್ನು ಕುರಿತು ಅಮೆರಿಕದ ನಾಸಾದಲ್ಲಿ ನಡೆದ ಅಧ್ಯಯನಗಳಿಂದ ಬಂದ ಸೂತ್ರವೊಂದರ ಪ್ರಕಾರ ತೇಲುವಿಕೆ ಆರಂಭವಾಗುವ ವೇಗವು ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಚದರ ಅಂಗುಲಕ್ಕೆ 30 ಪೌಂಡು ಒತ್ತಡವಿರುವ ಟೈರಿಗೆ ಅದು ಗಂಟೆಗೆ ಸುಮಾರು 91 ಕಿಲೋಮೀಟರ್, 20 ಪೌಂಡಿಗೆ ಇಳಿದರೆ ಸುಮಾರು 75. ಘಾಟಿಯ ತಿರುವಿನಲ್ಲಿ ಆ ವೇಗದ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ಪದ್ಮಿನಿ ತೇಲಿತೆಂದು ಹೇಳಲಾಗದು. ಉಳಿಯುವ ವಿವರಣೆ ರಬ್ಬರಿನ ವಯಸ್ಸು. ಬಿಸಿಲು, ಶಾಖ, ಗಾಳಿಯ ಆಮ್ಲಜನಕ ಮತ್ತು ಓಝೋನ್ ಇವುಗಳಿಂದ ರಬ್ಬರು ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ. ಗಡುಸಾದ ರಬ್ಬರು ಲಾರಿಗಳು ಉಜ್ಜಿ ನುಣುಪಾಗಿಸಿದ ಒದ್ದೆ ಡಾಂಬರಿನ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿಯಲಾರದೆ, ನೀರಿನ ತೆಳುಪೊರೆಯನ್ನು ಒಡೆಯಲಾರದೆ ಜಾರುತ್ತದೆ. ಹೊಸ ಜೋಡಿ ಟೈರನ್ನು ಯಾವಾಗಲೂ ಹಿಂದಿನ ಅಚ್ಚಿಗೆ ಹಾಕಬೇಕೆಂಬ ಇಂದಿನ ಶಿಫಾರಸಿನ ತರ್ಕವೂ ಬಾಲದ ಹಿಡಿತ ಮೂತಿಯದಕ್ಕಿಂತ ಕಡಿಮೆಯಾಗಬಾರದೆಂಬುದೇ. ಬೆರಕೆ ಜೋಡಿಯ ನಿಯಮ ರೇಡಿಯಲ್ಲನ್ನು ಹಿಂದೆಯೇ ಕಟ್ಟಿಹಾಕಿತ್ತು, ರೇಡಿಯಲ್ ಮುದಿಯಾದ ಮೇಲೆ ಅದೇ ನಿಯಮ ತಿರುಗಿ ನಿಂತಿತು.

ಗಮನಿಸಬೇಕಾದದ್ದೇನೆಂದರೆ, ನೈಲಾನಿಗೆ ಮುಪ್ಪಾಗುವ ಅವಕಾಶವೇ ಇರಲಿಲ್ಲ. ಮೂರು ವರ್ಷದಲ್ಲಿ ಸವೆದು ಹೋಗುವ ಟೈರು ಪ್ರತಿ ಮೂರು ವರ್ಷಕ್ಕೊಮ್ಮೆ ಹೊಸ ರಬ್ಬರನ್ನು ರಸ್ತೆಗೆ ತರುತ್ತದೆ. ಸವೆಯದ ಟೈರು ತನ್ನ ವಯಸ್ಸನ್ನು ಬಟನ್ನಿನ ಆಳದ ಹಿಂದೆ ಮರೆಸಿಡುತ್ತದೆ. ಪುಸ್ತಕದ ಅಂಕಣಗಳಲ್ಲಿ ಬಾಳಿಕೆ ಎಂದರೆ ಕಿಲೋಮೀಟರು ಮಾತ್ರವಾಗಿತ್ತು, ವರ್ಷವಾಗಿರಲಿಲ್ಲ. ತಲೆಬರಹವಿಲ್ಲದ ಆರನೆಯ ಅಂಕಣ ಸುರಕ್ಷತೆಗೆಂದು ಮೀಸಲಾಗಿತ್ತೇ ಎಂದು ಲೇಖಕ ಒಮ್ಮೆ ಕೇಳಿದಾಗ ತಂದೆಯವರು, ನಡೆಯದೇ ಇದ್ದದ್ದನ್ನು ಎಲ್ಲಿ ಬರೆಯುವುದು ಎಂದು ಮರುಪ್ರಶ್ನೆ ಹಾಕಿದ್ದರು. ಘಾಟಿಯ ಪ್ರಸಂಗ ನಡೆದೇ ಇತ್ತು. ಅದನ್ನೂ ಅವರು ಬರೆಯಲಿಲ್ಲ.

ಇಂದು ಪ್ರಯಾಣಿಕ ಕಾರುಗಳಲ್ಲಿ ನೈಲಾನ್ ಟೈರು ಕಾಣಸಿಗುವುದೇ ಅಪರೂಪ. ಹೋಲಿಕೆ ಈಗ ಎರಡು ರೇಡಿಯಲ್‌ಗಳ ನಡುವೆ, ಎರಡೂ ಟ್ಯೂಬಿಲ್ಲದವು, ವ್ಯತ್ಯಾಸವಿರುವುದು ಎಳೆಯ ದಿಕ್ಕಿನಲ್ಲಲ್ಲ, ರಬ್ಬರಿನ ಪಾಕದಲ್ಲಿ. ಗಡುಸು ಪಾಕ ಹೆಚ್ಚು ದೂರ ಬಾಳುತ್ತದೆ, ಮೃದು ಪಾಕ ಒದ್ದೆ ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ. 1990ರ ದಶಕದಿಂದ ಇಂಗಾಲದ ಪುಡಿಯ ಬಹುಪಾಲನ್ನು ಬದಲಿಸಿದ ಸಿಲಿಕಾ ಈ ವಿರೋಧವನ್ನು ಸಡಿಲಿಸಿದೆಯೇ ಹೊರತು ಅಳಿಸಿಲ್ಲ. ಗೋಡೆಯ ಮೇಲಿನ ಬರಹ ಓದಬಲ್ಲವರಿಗೆ ಹೋಲಿಕೆಯ ಸಾಧನಗಳೂ ಹೆಚ್ಚಿವೆ. 165/80 ಆರ್ 14 85 ಟಿ ಎಂದಿದ್ದರೆ ಅಗಲ 165 ಮಿಲಿಮೀಟರ್, ಗೋಡೆಯ ಎತ್ತರ ಅಗಲದ ಶೇಕಡ 80, ರೇಡಿಯಲ್ ರಚನೆ, 14 ಅಂಗುಲದ ರಿಮ್ಮು, ಒಂದು ಟೈರು ಹೊರಬಲ್ಲ ಭಾರ 515 ಕಿಲೋ, ಗರಿಷ್ಠ ವೇಗ ಗಂಟೆಗೆ 190 ಕಿಲೋಮೀಟರ್ ಎಂದು ಅರ್ಥ. ಇದಲ್ಲದೆ 2319 ಎಂಬಂಥ ನಾಲ್ಕು ಅಂಕಿಗಳು ಟೈರು 2019ರ 23ನೆಯ ವಾರದಲ್ಲಿ ತಯಾರಾದದ್ದೆಂದು ತಿಳಿಸುತ್ತವೆ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಇರುವ ಸಣ್ಣ ದಿಬ್ಬಗಳು ಬಟನ್ನಿನ ಆಳ 1.6 ಮಿಲಿಮೀಟರಿಗೆ ಇಳಿದಾಗ ಮೇಲ್ಮೈಗೆ ಸಮನಾಗಿ, ಟೈರಿನ ಕೊನೆಯನ್ನು ಸೂಚಿಸುತ್ತವೆ. ತಂದೆಯವರ ಪುಸ್ತಕದಲ್ಲಿ ಕೊಂಡ ದಿನವಿದೆ, ತಯಾರಾದ ವಾರವಿಲ್ಲ. ಅಂಗಡಿಯ ಅಟ್ಟದಲ್ಲಿ ಆ ಟೈರು ಎಷ್ಟು ಕಾಲ ಮಲಗಿತ್ತೋ ತಿಳಿಯುವ ಬಗೆಯಿಲ್ಲ.

ಹೀಗಿದ್ದರೂ ಲೆಕ್ಕದ ಹಳೆಯ ತಪ್ಪು ಹೊಸ ವೇಷದಲ್ಲಿ ಮುಂದುವರಿದಿದೆ. ಒಂದು ಟೈರಿನ ಬೆಲೆ 5,000 ರೂಪಾಯಿ, ಬಾಳಿಕೆ 40,000 ಕಿಲೋಮೀಟರ್, ಇನ್ನೊಂದರ ಬೆಲೆ 6,000, ಬಾಳಿಕೆ 60,000 ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಮೊದಲನೆಯದು ಹನ್ನೆರಡೂವರೆ ಪೈಸೆ, ಎರಡನೆಯದು ಹತ್ತು ಪೈಸೆ ಬೀಳುತ್ತದೆ, ಎರಡನೆಯದೇ ಅಗ್ಗವೆನಿಸುತ್ತದೆ. ಆದರೆ ವರ್ಷಕ್ಕೆ 6,000 ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಆ 60,000 ಮುಗಿಯಲು ಹತ್ತು ವರ್ಷ ಬೇಕು. ರಬ್ಬರಿನ ವಯಸ್ಸನ್ನು ಗೌರವಿಸಿ ಆರು ವರ್ಷಕ್ಕೆ ಎರಡನ್ನೂ ಬಿಚ್ಚಿದರೆ ಎರಡೂ ಓಡಿದ್ದು 36,000. ಆಗ ಮೊದಲನೆಯದಕ್ಕೆ ಸುಮಾರು 14 ಪೈಸೆ, ಎರಡನೆಯದಕ್ಕೆ ಸುಮಾರು 17. ದಿನವೂ ಬೆಂಗಳೂರು–ಮಂಗಳೂರು ಓಡಾಡುವ ಬಾಡಿಗೆ ಕಾರಿಗೆ ಲಾಭವಾದ ಟೈರೇ, ವಾರಕ್ಕೊಮ್ಮೆ ಸಂತೆಗೆ ಹೋಗುವ ಮನೆಯ ಕಾರಿಗೆ ದುಬಾರಿ. ತೋಟದ ಪದ್ಮಿನಿ ವರ್ಷಕ್ಕೆ ಓಡುತ್ತಿದ್ದದ್ದೂ ಹೆಚ್ಚುಕಡಿಮೆ 6,000 ಕಿಲೋಮೀಟರೇ. ಅಂಥ ಮನೆಗೆ ದೀರ್ಘಾಯುಷ್ಯದ ಟೈರು ಅಗತ್ಯವೇ ಇರಲಿಲ್ಲ, ಮಳೆಗಾಲದಲ್ಲಿ ಹಿಡಿತವಿರುವ ಟೈರು ಬೇಕಾಗಿತ್ತು.

ಆರನೆಯ ಅಂಕಣದ ಗುಟ್ಟು ಬಿಚ್ಚಿದ್ದು ಪುಸ್ತಕದ ಕೊನೆಯ ಪುಟಗಳಲ್ಲಿ. ಆ ಕಾಲದಲ್ಲಿ ಸವೆದ ನೈಲಾನ್ ಟೈರಿಗೆ ಗಿರಾಕಿಗಳಿದ್ದರು: ಪದರಗಳನ್ನು ಸುಲಿದು ಚಪ್ಪಲಿಯ ಅಟ್ಟೆ ಕತ್ತರಿಸುವವರು ಸಂತೆಯ ದಿನ ಬಂದು ಕೇಳಿ ಒಯ್ಯುತ್ತಿದ್ದರು, ತೋಟದ ಆಳುಗಳ ಕಾಲಲ್ಲಿ ಆ ಚಪ್ಪಲಿಗಳು ವರ್ಷಗಟ್ಟಲೆ ಬಾಳುತ್ತಿದ್ದವು. ಉಕ್ಕಿನ ತಂತಿಯ ಪಟ್ಟಿಯಿರುವ ರೇಡಿಯಲ್ ಅವರ ಉಳಿಗೆ ಬಗ್ಗುತ್ತಿರಲಿಲ್ಲ, ಕತ್ತರಿಸಿದರೂ ತಂತಿಯ ತುದಿಗಳು ಅಂಗಾಲಿಗೆ ಚುಚ್ಚುತ್ತಿದ್ದವು. 1988 ಮತ್ತು 1991ರ ನೈಲಾನ್ ಜೋಡಿಗಳ ಎದುರು ಆರನೆಯ ಅಂಕಣದಲ್ಲಿ ಒಂದೊಂದು ಸಣ್ಣ ಮೊತ್ತ ಜಮೆಯಾಗಿದೆ. ಘಾಟಿಯಿಂದ ಮರಳಿದ ವಾರವೇ ಬಿಚ್ಚಿಸಿದ ರೇಡಿಯಲ್‌ಗಳ ಎದುರು ಅಡ್ಡಗೀಟು ಮಾತ್ರ ಇದೆ, ಮತ್ತು ಅದರ ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ, ಅವೆರಡನ್ನು ಹಿತ್ತಲಿನ ಕಾಳುಮೆಣಸಿನ ಸಸಿಗಳಿಗೆ ಪಾತಿಯಾಗಿ ಇರಿಸಲಾಗಿದೆ ಎಂಬ ಟಿಪ್ಪಣಿ.